ಕ್ಯಾಪ್ ಕೊಡಲಾಗದ ನಾಯಕ ಬರೆದುಕೊಟ್ಟ ಪುಟಗಳು

ಚೆಂಬೂರಿನಲ್ಲಿ ಕ್ರಿಕೆಟ್ ಮಾತು ಶುರುವಾದರೆ ಅದು ಸೂರ್ಯಕುಮಾರ್ ಯಾದವ್ ಹೆಸರು ಬಾರದೆ ಮುಗಿಯುವುದಿಲ್ಲ. ಇಲ್ಲಿನ ಅಣುಶಕ್ತಿ ನಗರದಲ್ಲಿ ಬೆಳೆದ ಹುಡುಗ ಎಂಬ ಹೆಮ್ಮೆ ಎಲ್ಲರಿಗೂ. ಆದರೆ ಗುಂಪಿನಲ್ಲಿ ಅರವತ್ತು ದಾಟಿದವರಿದ್ದರೆ ಇನ್ನೊಂದು ಹೆಸರೂ ಬರುತ್ತದೆ: ಪ್ಯಾಡಿ. ಪೂರ್ತಿ ಹೆಸರು ಪದ್ಮಾಕರ ಶಿವಾಲ್ಕರ್. ಎಡಗೈ ಸ್ಪಿನ್ನರ್. ಭಾರತದ ಪರ ಒಂದೇ ಒಂದು ಟೆಸ್ಟ್ ಆಡದವರು. ಕರ್ನಾಟಕದಿಂದ ಬಂದ ನನ್ನಂಥವರಿಗೆ ಮೊದಮೊದಲು ಇದು ಅರ್ಥವಾಗುವುದಿಲ್ಲ. ಗವಾಸ್ಕರ್, ವೆಂಗ್‌ಸರ್ಕಾರ್, ತೆಂಡೂಲ್ಕರ್ ಅವರನ್ನು ಕೊಟ್ಟ ಊರು ಟೆಸ್ಟ್ ಆಡದ ಒಬ್ಬ ಬೌಲರ್‌ನನ್ನು ಇಷ್ಟು ಗೌರವದಿಂದ ನೆನೆಯುವುದು ಏಕೆ?

ಉತ್ತರ ನನಗೆ ಸಿಕ್ಕಿದ್ದು ಗವಾಸ್ಕರ್ ಅವರಿಂದಲೇ. 2025ರ ಮಾರ್ಚ್ 3ರಂದು ಶಿವಾಲ್ಕರ್ ತಮ್ಮ 84ನೇ ವಯಸ್ಸಿನಲ್ಲಿ ತೀರಿಕೊಂಡಾಗ ಗವಾಸ್ಕರ್ ಹೇಳಿದ್ದು ಬರೀ ಸಂತಾಪದ ಮಾತಾಗಿರಲಿಲ್ಲ. ಭಾರತ ತಂಡದ ನಾಯಕನಾಗಿದ್ದೂ ಪ್ಯಾಡಿಯನ್ನು ತಂಡಕ್ಕೆ ತೆಗೆದುಕೊಳ್ಳುವಂತೆ ಆಯ್ಕೆಗಾರರನ್ನು ಒಪ್ಪಿಸಲು ತನ್ನಿಂದ ಆಗಲಿಲ್ಲ, ಆ ಕೊರಗು ತನಗಿದೆ ಎಂದರು. ಭಾರತದ ಕ್ಯಾಪ್ ಧರಿಸಿದ ಕೆಲವರಿಗಿಂತ ಅದಕ್ಕೆ ಹೆಚ್ಚು ಅರ್ಹರಾಗಿದ್ದವರು ಶಿವಾಲ್ಕರ್ ಎಂದೂ ಸೇರಿಸಿದರು. ಹತ್ತು ಸಾವಿರ ಟೆಸ್ಟ್ ರನ್‌ಗಳ ಗಡಿಯನ್ನು ಮೊದಲು ದಾಟಿದವರು ತಮ್ಮ ಹಳೆಯ ಜೊತೆಗಾರನ ಬಗ್ಗೆ ಆಡಿದ ಮಾತು ಇದು.

ಅಂಥದ್ದೇನು ಮಾಡಿದ್ದರು ಶಿವಾಲ್ಕರ್? ಅಂಕಿಗಳನ್ನು ಮೊದಲು ಹೇಳಿಬಿಡುತ್ತೇನೆ. 124 ಪ್ರಥಮ ದರ್ಜೆ ಪಂದ್ಯ, 589 ವಿಕೆಟ್, ಸರಾಸರಿ 19.69. ಅಂದರೆ ಪ್ರತಿ ವಿಕೆಟ್‌ಗೆ ಇಪ್ಪತ್ತು ರನ್ನೂ ಕೊಟ್ಟಿಲ್ಲ. ಇನಿಂಗ್ಸ್ ಒಂದರಲ್ಲಿ ಐದು ಅಥವಾ ಅದಕ್ಕಿಂತ ಹೆಚ್ಚು ವಿಕೆಟ್ ಪಡೆದದ್ದು 42 ಸಲ. 1960ರ ದಶಕದ ಆರಂಭದಲ್ಲಿ ಶುರುವಾದ ಆಟ 1980–81ರವರೆಗೆ ನಡೆಯಿತು. ಅಷ್ಟಕ್ಕೇ ನಿಲ್ಲಲಿಲ್ಲ; 1987–88ರಲ್ಲಿ ಮುಂಬೈ ಮತ್ತೆ ಕರೆದಾಗ 47ರ ವಯಸ್ಸಿನಲ್ಲಿ ಚೆಂಡು ಹಿಡಿದು ಬಂದರು.

ಆದರೆ ನಾಯಕನೊಬ್ಬ ಬೌಲರ್‌ನನ್ನು ಅಳೆಯುವುದು ಬೇರೆ ರೀತಿಯಲ್ಲಿ. ಚಿಕ್ಕ ಓಟ, ಚೆಂದದ ಶೈಲಿ, ದಿನವಿಡೀ ಎಸೆದರೂ ದಣಿಯದ ಭುಜ. ಎದುರಾಳಿಯ ಒಳ್ಳೆಯ ಬ್ಯಾಟ್ಸ್‌ಮನ್‌ಗಳನ್ನೇ ಔಟ್ ಮಾಡಿ ಗೆಲುವಿಗೆ ದಾರಿ ಮಾಡಿಕೊಡುವವರು – ಗವಾಸ್ಕರ್ ಗುರುತಿಸಿದ್ದು ಈ ಗುಣಗಳನ್ನು. ಬಾಲಂಗೋಚಿಗಳ ವಿಕೆಟ್ ಕಿತ್ತು ಲೆಕ್ಕ ತುಂಬಿಸುವವರು ಇರುತ್ತಾರೆ. ಶಿವಾಲ್ಕರ್ ಆ ಪೈಕಿ ಅಲ್ಲ ಎಂಬುದು ಇದರ ಅರ್ಥ. ಒಂದು ತುದಿಯಲ್ಲಿ ಅವರು ರನ್ ಕೊಡದೆ ನಿಂತರೆ ಇನ್ನೊಂದು ತುದಿಯಲ್ಲಿ ನಾಯಕ ಧೈರ್ಯವಾಗಿ ಏನು ಬೇಕಾದರೂ ಪ್ರಯೋಗ ಮಾಡಬಹುದು. ಆ ಧೈರ್ಯದ ಲೆಕ್ಕವನ್ನು ಯಾವ ಸ್ಕೋರ್‌ಕಾರ್ಡೂ ಇಡುವುದಿಲ್ಲ.

ಒಂದು ಪಂದ್ಯ ಸಾಕು. 1972–73ರ ರಣಜಿ ಫೈನಲ್, ಚೆನ್ನೈನ ಚೆಪಾಕ್ ಅಂಗಳ, ಎದುರಿಗೆ ತಮಿಳುನಾಡು. ಚೆಂಡು ಮೊದಲ ದಿನದಿಂದಲೇ ತಿರುಗುತ್ತಿತ್ತು. ಬಾಂಬೆ 151 ಮತ್ತು 113 ರನ್. ತಮಿಳುನಾಡು 80 ಮತ್ತು 61. ಐದು ದಿನ ನಡೆಯಬೇಕಿದ್ದ ಫೈನಲ್ ಮೂರನೇ ದಿನದ ಮೊದಲ ಚೆಂಡಿಗೆ ಮುಗಿದುಹೋಯಿತು. ಶಿವಾಲ್ಕರ್ ಮೊದಲ ಇನಿಂಗ್ಸ್‌ನಲ್ಲಿ 16 ರನ್‌ಗೆ 8, ಎರಡನೆಯದರಲ್ಲಿ 18ಕ್ಕೆ 5 ವಿಕೆಟ್ ಪಡೆದರು. ಅಲ್ಲಿಗೆ ಬಾಂಬೆ ಸತತ 15ನೇ ಬಾರಿ ರಣಜಿ ಟ್ರೋಫಿ ಎತ್ತಿತು. ಮರುವರ್ಷ ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಪ್ರಸನ್ನ ನಾಯಕತ್ವದ ನಮ್ಮ ಕರ್ನಾಟಕ ಆ ಓಟಕ್ಕೆ ತಡೆ ಹಾಕಿದ ಕಥೆ ನಿಮಗೆ ಗೊತ್ತೇ ಇದೆ. ನಾವು ಸೋಲಿಸಿದ ತಂಡ ಎಂಥದ್ದು ಎಂಬುದು ತಿಳಿಯಬೇಕಾದರೆ ಚೆಪಾಕ್‌ನ ಈ ಅಂಕಿಗಳನ್ನೂ ನೋಡಬೇಕು.

ಹಾಗಾದರೆ ಅನ್ಯಾಯ ಮಾಡಿದವರು ಯಾರು? ಹುಡುಕಲು ಹೊರಟರೆ ಸುಲಭವಾಗಿ ಯಾರೂ ಕೈಗೆ ಸಿಗುವುದಿಲ್ಲ. 1966ರ ಕೊನೆಯ ದಿನ ಬಿಷನ್ ಸಿಂಗ್ ಬೇಡಿ ಟೆಸ್ಟ್ ಆಡತೊಡಗಿದರು. ಮುಂದಿನ ಹನ್ನೆರಡು ವರ್ಷ ಎಡಗೈ ಸ್ಪಿನ್ನರ್‌ಗಿದ್ದ ಒಂದೇ ಕುರ್ಚಿ ಅವರದಾಯಿತು. 67 ಟೆಸ್ಟ್, 266 ವಿಕೆಟ್. ಬೇಡಿ ಕುಳಿತ ಕುರ್ಚಿ ತಪ್ಪು ಎನ್ನಲು ಯಾರಿಗೂ ಬಾಯಿ ಬಾರದು. ಉಳಿದ ಜಾಗಗಳನ್ನು ನಮ್ಮ ಪ್ರಸನ್ನ, ಚಂದ್ರಶೇಖರ್ ಮತ್ತು ತಮಿಳುನಾಡಿನ ವೆಂಕಟರಾಘವನ್ ತುಂಬಿದರು. ಹರಿಯಾಣದ ರಾಜಿಂದರ್ ಗೋಯಲ್ 750 ಪ್ರಥಮ ದರ್ಜೆ ವಿಕೆಟ್ ಪಡೆದೂ ಶಿವಾಲ್ಕರ್ ಹಾಗೆಯೇ ಹೊರಗುಳಿದರು. 1974ರ ನವೆಂಬರ್‌ನಲ್ಲಿ ಬೆಂಗಳೂರಿನ ಮೊದಲ ಟೆಸ್ಟ್ ಪಂದ್ಯಕ್ಕೆ ಬೇಡಿಯನ್ನು ಶಿಸ್ತಿನ ಕಾರಣಕ್ಕೆ ಕೈಬಿಟ್ಟಾಗ ಗೋಯಲ್ ಬಾಗಿಲವರೆಗೆ ಬಂದರು, ಹನ್ನೊಂದರಲ್ಲಿ ಸೇರಲಿಲ್ಲ. ಕರ್ನಾಟಕದ ಎಡಗೈ ಸ್ಪಿನ್ನರ್ ವಿಜಯಕೃಷ್ಣ ಅವರದೂ ಇದೇ ಕಥೆ.

ಇನ್ನು ಗವಾಸ್ಕರ್ ನಾಯಕರಾಗಿ, ಬೇಡಿಯ ಕಾಲ ಮುಗಿದದ್ದು 1979ರಲ್ಲಿ. ಆಯ್ಕೆ ಸಭೆಯಲ್ಲಿ ನಾಯಕ ತನ್ನ ಅಭಿಪ್ರಾಯ ಹೇಳಬಹುದಿತ್ತು, ತೀರ್ಮಾನ ಆಯ್ಕೆಗಾರರದು. ಆ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಎಡಗೈ ಸ್ಪಿನ್ನರ್ ಆಗಿ ಕಣಕ್ಕಿಳಿದದ್ದು ದಿಲೀಪ್ ದೋಷಿ. ಅವರಿಗಾಗಲೇ 31. ಅವರೂ ಕಾದು ಬಂದವರೇ. 33 ಟೆಸ್ಟ್‌ಗಳಲ್ಲಿ 114 ವಿಕೆಟ್ ಪಡೆದು ಆಯ್ಕೆಯನ್ನು ಸಮರ್ಥಿಸಿಕೊಂಡರು. ಶಿವಾಲ್ಕರ್ ಅಷ್ಟರಲ್ಲಿ ನಲವತ್ತರ ಹೊಸ್ತಿಲಲ್ಲಿದ್ದರು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಗವಾಸ್ಕರ್ ತಮ್ಮ ಕೈಲಿದ್ದ ಇನ್ನೊಂದು ಕೆಲಸ ಮಾಡಿದರು. 1983ರಲ್ಲಿ, ತಾವಿನ್ನೂ ಆಡುತ್ತಿದ್ದಾಗಲೇ, ‘ಐಡಲ್ಸ್’ ಎಂಬ ಪುಸ್ತಕ ಬರೆದರು. ತಾವು ಮೆಚ್ಚಿದ ಆಟಗಾರರ ಚಿತ್ರಗಳು ಅದರಲ್ಲಿವೆ. ವಿವಿಯನ್ ರಿಚರ್ಡ್ಸ್, ಡೆನಿಸ್ ಲಿಲಿ, ನಮ್ಮ ವಿಶ್ವನಾಥ್ ಇರುವ ಸಾಲಿನಲ್ಲಿ ಭಾರತದ ಕ್ಯಾಪ್ ಧರಿಸದ ಇಬ್ಬರಿಗೂ ಜಾಗ ಕೊಟ್ಟರು: ಗೋಯಲ್ ಮತ್ತು ಶಿವಾಲ್ಕರ್. ಸತ್ತ ಮೇಲೆ ಹೊಗಳುವುದು ನಮ್ಮಲ್ಲಿ ಮಾಮೂಲು. ಇದು ಶಿವಾಲ್ಕರ್ ತೀರಿಕೊಳ್ಳುವುದಕ್ಕೆ ನಾಲ್ಕು ದಶಕ ಮೊದಲೇ ಬಂದ ಮಾತು. ಅವರೇ ಕೈಯಾರೆ ತಿರುವಿ ಓದಬಹುದಾದ ಪುಟಗಳು.

ಈ ಕಥೆ ನನಗೆ ಇಷ್ಟು ನಾಟಲು ನನ್ನ ಕೆಲಸವೂ ಕಾರಣ. ಪ್ರತಿ ವರ್ಷ ಏಪ್ರಿಲ್ ಹತ್ತಿರ ಬಂದರೆ ನಮ್ಮ ಐಟಿ ಕಚೇರಿಗಳಲ್ಲಿ ಅಪ್ರೈಸಲ್ ಕಾಲ. ತಂಡದಲ್ಲಿ ಹತ್ತು ಜನ ಇದ್ದರೆ ಎತ್ತರದ ರೇಟಿಂಗ್ ಒಬ್ಬರಿಗೋ ಇಬ್ಬರಿಗೋ. ನನ್ನ ತಂಡದಲ್ಲಿ ನನಗಿಂತ ಹತ್ತು ವರ್ಷ ದೊಡ್ಡವರೊಬ್ಬರಿದ್ದಾರೆ. ಹಣ ಪಾವತಿಯ ಹಳೆಯ ಸಾಫ್ಟ್‌ವೇರ್ ನೋಡಿಕೊಳ್ಳುವುದು ಅವರ ಪಾಲು. ರಾತ್ರಿ ಎರಡಕ್ಕೆ ಏನಾದರೂ ಕೆಟ್ಟರೆ ಮೊದಲು ಎದ್ದು ಕೂರುವವರು ಅವರು. ಕೆಡದಂತೆ ನೋಡಿಕೊಂಡ ರಾತ್ರಿಗಳ ಲೆಕ್ಕ ಯಾರ ಬಳಿಯೂ ಇಲ್ಲ. ಅವರಿದ್ದಾರೆ ಎಂಬ ಧೈರ್ಯದ ಮೇಲೆ ನಾವೆಲ್ಲ ಹೊಸ ಪ್ರಯೋಗ ಮಾಡುತ್ತೇವೆ, ಪ್ರೆಸೆಂಟೇಷನ್ ಕೊಡುತ್ತೇವೆ, ಚಪ್ಪಾಳೆ ಗಿಟ್ಟಿಸುತ್ತೇವೆ. ಕುರ್ಚಿ ಹಂಚುವ ಅಧಿಕಾರ ನನಗಿಲ್ಲ. ಅವರ ಫಾರಂನಲ್ಲಿ ಎರಡು ಸಾಲು ಸಾಕೆನ್ನುವ ಜಾಗದಲ್ಲಿ ಒಂದಿಡೀ ಪುಟ ಬರೆದೆ. ಯಾವ ತಿಂಗಳು ಯಾವ ಅನಾಹುತ ತಪ್ಪಿತು ಎಂದು ದಿನಾಂಕ ಸಮೇತ. ಬಡ್ತಿ ಬರಲಿಲ್ಲ. ‘ನಾನು ಮಾಡೋದನ್ನ ಯಾರೋ ನೋಡ್ತಿದ್ರು ಅಂತ ಗೊತ್ತಾಯ್ತಲ್ಲ, ಬಿಡಿ’ ಎಂದು ಅವರು ಹಿಂದಿಯಲ್ಲಿ ಹೇಳಿ ಚಹಾಕ್ಕೆ ಕರೆದುಕೊಂಡು ಹೋದರು.

ಆ ಪುಟ ಬಡ್ತಿಗೆ ಸಮವಲ್ಲ; ಗವಾಸ್ಕರ್ ಬರೆದ ಅಧ್ಯಾಯವೂ ಟೆಸ್ಟ್ ಕ್ಯಾಪ್‌ಗೆ ಸಮವಲ್ಲ. ಹಾಗೆಂದು ಸಮಾಧಾನ ಹೇಳುವುದು ಆಟಗಾರನಿಗೆ ಮಾಡುವ ಅವಮಾನ. ಶಿವಾಲ್ಕರ್ ಒಳ್ಳೆಯ ಹಾಡುಗಾರರೂ ಆಗಿದ್ದರು. ಮರಾಠಿಯಲ್ಲಿ ಬಂದ ಅವರ ಆತ್ಮಕಥೆಯ ಹೆಸರು ‘ಹಾ ಚೆಂಡೂ ದೈವಗತೀಚಾ’ – ಇದು ವಿಧಿಯ ಚೆಂಡು ಎಂಬರ್ಥ. ಜೀವನವಿಡೀ ಚೆಂಡನ್ನು ತನಗೆ ಬೇಕಾದ ಕಡೆ ತಿರುಗಿಸಿದವರು ಇಟ್ಟ ಹೆಸರಿದು ಎಂದು ನೆನೆದರೆ ಅದರೊಳಗಿನ ನೋವು ತಿಳಿಯುತ್ತದೆ.

ಆದರೂ ಬರೆದಿಟ್ಟದ್ದಕ್ಕೆ ಒಂದು ಬಲವಿದೆ. ಭಾರತದ ಟೆಸ್ಟ್ ಆಟಗಾರರ ಪಟ್ಟಿ ನೋಡಿದರೆ ಅಲ್ಲಿ ಶಿವಾಲ್ಕರ್ ಎಂಬ ಹೆಸರೇ ಇಲ್ಲ. ಜೊತೆಯಲ್ಲಿ ಆಡಿದವರು ಸುಮ್ಮನಿದ್ದಿದ್ದರೆ ನಮ್ಮ ತಲೆಮಾರಿನ ಮಟ್ಟಿಗೆ ಅವರು ಅಂಕಿಗಳ ಒಂದು ಸಾಲಾಗಿ ಉಳಿಯುತ್ತಿದ್ದರು. 2017ರ ಮಾರ್ಚ್‌ನಲ್ಲಿ ಬಿಸಿಸಿಐ ಗೋಯಲ್ ಮತ್ತು ಶಿವಾಲ್ಕರ್ ಇಬ್ಬರಿಗೂ ಸಿ.ಕೆ. ನಾಯುಡು ಜೀವಮಾನ ಸಾಧನೆ ಪ್ರಶಸ್ತಿ ಕೊಟ್ಟಿತು. ಸಮಾರಂಭ ನಡೆದದ್ದು ಬೆಂಗಳೂರಿನಲ್ಲಿ. ಅದೇ ವೇದಿಕೆಯಲ್ಲಿ ನಮ್ಮ ಶಾಂತಾ ರಂಗಸ್ವಾಮಿ ಅವರಿಗೂ ಜೀವಮಾನ ಸಾಧನೆಯ ಗೌರವ ಸಂದಿತು. ಅಷ್ಟು ತಡವಾಗಿಯಾದರೂ ಆ ಇಬ್ಬರು ಸ್ಪಿನ್ನರ್‌ಗಳ ಹೆಸರು ಮರೆಯದೆ ಉಳಿದದ್ದಕ್ಕೆ ಅವರ ಬಗ್ಗೆ ಬಾಯಿ ತುಂಬ ಹೇಳುತ್ತ ಬಂದ ಜೊತೆಗಾರರ ಪಾಲೂ ಇದೆ.

ನಿಮ್ಮ ತಂಡದಲ್ಲೂ, ಕಚೇರಿಯಾಗಲಿ, ಶಾಲೆಯಾಗಲಿ, ಊರಿನ ಸಂಘವಾಗಲಿ, ಒಂದು ತುದಿಯನ್ನು ಗಟ್ಟಿಯಾಗಿ ಹಿಡಿದು ನಿಂತ ಒಬ್ಬ ಪ್ಯಾಡಿ ಇದ್ದೇ ಇರುತ್ತಾರೆ. ಅವರ ಕುರ್ಚಿ ನಿಮ್ಮ ಕೈಯಲ್ಲಿಲ್ಲದಿರಬಹುದು. ಪೆನ್ನು ಇದೆ. ಅವರು ಓದುವ ಕಾಲದಲ್ಲೇ ಬರೆಯಿರಿ.