ಗ್ಯಾಸಬತ್ತಿಯಿಂದ ಮೈಕಿನವರೆಗೆ

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ಸವದತ್ತಿ ಸೀಮೆಯನ್ನು ಹಾಯ್ದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಆ ಸವದತ್ತಿ ತಾಲೂಕಿನ ಏಣಗಿಯಲ್ಲಿ ನಟ ಬಾಳಪ್ಪನವರು 1914ರಲ್ಲಿ ಹುಟ್ಟಿದರು. ಎಳೆವಯಸ್ಸಿನಲ್ಲಿ ಸ್ತ್ರೀಪಾತ್ರಗಳನ್ನು ವಹಿಸಿದರು. ಮುಂದೆ ಕಲಾವೈಭವ ನಾಟ್ಯಸಂಘವನ್ನು ನಡೆಸಿದರು. ‘ಜಗಜ್ಯೋತಿ ಬಸವೇಶ್ವರ’ ನಾಟಕದ ಬಸವಣ್ಣನಾಗಿ ಮನೆಮಾತಾದರು. 2017ರಲ್ಲಿ ತೀರಿಕೊಂಡಾಗ ನೂರು ದಾಟಿದ್ದರು. ಇಂಥ ಒಂದೇ ಆಯುಷ್ಯದ ಅವಧಿಯಲ್ಲಿ ನಮ್ಮ ರಂಗಭೂಮಿಯ ಬೆಳಕೂ ಧ್ವನಿಯೂ ಹೇಗೆ ಬದಲಾದವೆಂಬುದನ್ನು ವಿಚಾರಿಸೋಣ.

ಮೊದಲು ಬೆಳಕಿನ ಮಾತು. ಅವರ ಬಾಲ್ಯದ ದಿನಗಳಲ್ಲಿ ನಮ್ಮ ಹಳ್ಳಿಗಳಿಗೆ ವಿದ್ಯುತ್ತು ಬಂದಿರಲಿಲ್ಲ. ಆಟಕ್ಕೆ ಪಂಜು, ಕಂದೀಲು, ಇಲ್ಲವೆ ಗ್ಯಾಸಬತ್ತಿಯೇ ಗತಿ. ಹೆಸರಿಗೆ ಗ್ಯಾಸಬತ್ತಿಯಾದರೂ ಅದರಲ್ಲಿ ಉರಿಯುವುದು ಸೀಮೆಎಣ್ಣೆ. ಪಂಪು ಹೊಡೆದಾಗ ಎಣ್ಣೆ ಮೇಲೇರಿ, ಕಾದು ಆವಿಯಾಗಿ ಉರಿದು, ಬಲೆಯಂಥ ಮ್ಯಾಂಟಲನ್ನು ಬೆಳಗಿಸುತ್ತದೆ. ಬೆಳಕು ಪ್ರಖರವಾದುದು, ಆದರೆ ದೃಶ್ಯಕ್ಕೆ ತಕ್ಕಂತೆ ಏರಿಸಿ ಇಳಿಸಲು ಬಾರದು. ಹಾಗಾದರೆ ನಡುರಾತ್ರಿಯನ್ನು ತೋರಿಸುವುದು ಹೇಗೆ? ಬೆಳಕಿನಲ್ಲಿಯೇ ನಿಂತು ನಟನು ತನ್ನ ಮಾತಿನಿಂದ, ಹಾಡಿನಿಂದ ಕತ್ತಲೆಯನ್ನು ಹುಟ್ಟಿಸಬೇಕಾಗಿತ್ತು.

ವಿದ್ಯುತ್ತು ಬಂದ ಮೇಲೆ ಬೆಳಕು ಹೇಳಿದಂತೆ ಕೇಳತೊಡಗಿತು. ಲಂಡನ್ನಿನ ಸವಾಯ್ ನಾಟಕಗೃಹದಲ್ಲಿ 1881ರಲ್ಲಿಯೇ ವಿದ್ಯುದ್ದೀಪಗಳು ಬೆಳಗಿದ್ದವು; ನಮ್ಮ ಹಳ್ಳಿಗಳಿಗೆ ಅವು ಬರಲು ದಶಕಗಳೇ ಹಿಡಿದವು. ದೀಪವನ್ನು ತಗ್ಗಿಸಲು ಹಿಂದೆ ಒಂದು ಸುಲಭ ಉಪಾಯವಿತ್ತು. ಪಾತ್ರೆಯೊಂದರಲ್ಲಿ ಉಪ್ಪುನೀರು ತುಂಬಿ, ಅದರೊಳಗೆ ಎರಡು ಲೋಹದ ತಗಡುಗಳನ್ನಿಟ್ಟು, ದೀಪದ ವಿದ್ಯುತ್ತನ್ನು ಆ ನೀರಿನ ಮೂಲಕ ಹಾಯಿಸುತ್ತಿದ್ದರು. ತಗಡುಗಳು ಹತ್ತಿರವಾದಂತೆ ಬೆಳಕು ಹೆಚ್ಚುತ್ತಿತ್ತು, ದೂರವಾದಂತೆ ಮಂಕಾಗುತ್ತಿತ್ತು. ಜೀವಕ್ಕೆ ಅಪಾಯಕರವಾದ ಉಪಾಯವೇ ಸರಿ. ಯಾರೂ ಮನೆಯಲ್ಲಿ ಮಾಡಿ ನೋಡತಕ್ಕದ್ದಲ್ಲ! ಇಂದು ಗಣಕಯಂತ್ರದ ಒಂದು ಗುಂಡಿ ಒತ್ತಿದರೆ ಸಾಕು, ಎಲ್‌ಇಡಿ ದೀಪಗಳು ಬಣ್ಣವನ್ನೇ ಬದಲಿಸುತ್ತವೆ.

ಇನ್ನು ಧ್ವನಿ. ಮೈಕು ಇಲ್ಲದ ಕಾಲದಲ್ಲಿ ಕೊನೆಯ ಸಾಲಿನವನಿಗೂ ಮಾತು ಮುಟ್ಟಬೇಕಾದರೆ ಎದೆಯಲ್ಲಿ ಉಸಿರು, ನಾಲಗೆಯಲ್ಲಿ ಸ್ಪಷ್ಟತೆ ಬೇಕಾಗಿದ್ದವು. ನಟರು ಎತ್ತರದ ಶ್ರುತಿಯಲ್ಲಿ ಹಾಡುತ್ತಿದ್ದುದು ಬರಿಯ ಚಮತ್ಕಾರಕ್ಕಲ್ಲ, ಕೇಳಿಸುವ ಅಗತ್ಯಕ್ಕೂ ಹೌದು. ಮೈಕು ಬಂದು ಕಂಠದ ಶ್ರಮವನ್ನು ಕಳೆಯಿತು. ಪಿಸುಮಾತು ಕೂಡ ಸಭೆಗೆ ಕೇಳುವಂತಾಯಿತು. ಆದರೆ ಕಾಲಿಗೆ ತೊಡಕು ಬಂದಿತು. ಮೈಕಿನಿಂದ ನಟನ ದೂರ ಎರಡರಷ್ಟಾದರೆ ಅದಕ್ಕೆ ನೇರವಾಗಿ ಮುಟ್ಟುವ ಧ್ವನಿಶಕ್ತಿ ನಾಲ್ಕರಲ್ಲಿ ಒಂದು ಪಾಲಿಗಿಳಿಯುತ್ತದೆ. ಹೀಗಾಗಿ ರಾಜನೂ ಸೇವಕನೂ ತೂಗುಬಿಟ್ಟ ಮೈಕಿನ ಕೆಳಗೇ ಬಂದು ನಿಂತು ಮಾತಾಡುವ ರೂಢಿ ಬೆಳೆಯಿತು. ಉಡುಪಿಗೆ ಸಿಕ್ಕಿಸುವ ಚಿಕ್ಕ ಮೈಕು ಬಂದ ಮೇಲೆಯೇ ನಟನಿಗೆ ಮತ್ತೆ ರಂಗದ ತುಂಬ ಅಡ್ಡಾಡಲು ಅನುಕೂಲವಾಯಿತು.

ಹಾಗೆಂದು ಹಳೆಯದೆಲ್ಲ ಚಿನ್ನ, ಹೊಸದೆಲ್ಲ ಕಾಗೆಬಂಗಾರವೆಂದು ತಿಳಿಯಬೇಕಾದುದಿಲ್ಲ. ಯಂತ್ರವು ನಟನ ಕೆಲಸವನ್ನು ಹಗುರ ಮಾಡಲಿ. ಆದರೆ ಅವನ ಸಾಧನೆಯನ್ನೇ ಬಿಡಿಸಬಾರದು. ರೇಡಿಯೋ ಇಟ್ಟುಕೊಂಡಿರುವ ನಿಮಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. 1950ರ ಜನವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿಯ ನಾಟಕಗಳಿಗೆ ಪರದೆಯೂ ಇಲ್ಲ, ದೀಪವೂ ಇಲ್ಲ. ಆದರೂ ಕೇಳುವ ನಿಮ್ಮ ಕಣ್ಣಮುಂದೆ ಅರಮನೆ ಏಳುತ್ತದೆ, ಅಡವಿ ಕವಿಯುತ್ತದೆ. ಗ್ಯಾಸಬತ್ತಿಯ ಕೆಳಗೆ ನಿಂತ ನಟನು ಕಲಿತದ್ದೂ ಇದೇ ವಿದ್ಯೆ.

ಮುಂದಿನ ಸಲ ನಾಟಕಕ್ಕೆ ಹೋದಾಗ ಒಂದು ಗಳಿಗೆ ಕಣ್ಣುಮುಚ್ಚಿ ಕೇಳಿರಿ. ಆಗಲೂ ನಾಟಕ ಕಂಡರೆ, ಆ ನಟನು ಕರೆಂಟು ಹೋದ ರಾತ್ರಿಯೂ ಆಟ ನಿಲ್ಲಿಸಲಾರನು.