ಅವರನ್ನೇ ಕೇಳಿ

2023ರ ನವೆಂಬರ್. ಸುಪ್ರೀಂ ಕೋರ್ಟ್ ಆವರಣದಲ್ಲಿ ಹೊಸ ಕೆಫೆಯೊಂದು ತೆರೆಯಿತು. ಉದ್ಘಾಟಿಸಿದವರು ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್, ನಡೆಸುವವರು ಅಂಗವಿಕಲರು. ಬೌದ್ಧಿಕ ಅಂಗವೈಕಲ್ಯ ಇರುವವರಿಗೂ ಕೆಲಸ ಕೊಡುವ ಈ ಮಿಟ್ಟಿ ಕೆಫೆ ಶುರುವಾಗಿದ್ದು 2017ರಲ್ಲಿ, ನಮ್ಮ ಹುಬ್ಬಳ್ಳಿಯಲ್ಲಿ.

ಬೌದ್ಧಿಕ ಅಂಗವೈಕಲ್ಯ ಮಾನಸಿಕ ಕಾಯಿಲೆಯಲ್ಲ. ಕಲಿಯುವುದು, ಲೆಕ್ಕ ಹಾಕುವುದು, ದಿನನಿತ್ಯದ ವ್ಯವಹಾರ ನಿಭಾಯಿಸುವುದು ಬಾಲ್ಯದಿಂದಲೇ ಕಷ್ಟವಾಗುವ ಸ್ಥಿತಿ. ಡೌನ್ ಸಿಂಡ್ರೋಮ್ ಇದ್ದರೆ 21ನೇ ಕ್ರೋಮೋಸೋಮ್‌ನ ಹೆಚ್ಚುವರಿ ಪ್ರತಿ ಕಾರಣ. ಕೆಲವರಿಗೆ ಹೆರಿಗೆ ವೇಳೆ ಮಿದುಳಿಗೆ ಆಮ್ಲಜನಕ ಸಾಲದೆ ಹೀಗಾಗುತ್ತದೆ. ಎಷ್ಟೋ ಸಲ ಕಾರಣವೇ ತಿಳಿಯುವುದಿಲ್ಲ. ಆದರೂ ಗ್ರಹಣವನ್ನೋ ಹೆತ್ತವಳನ್ನೋ ದೂರುವ ಚಾಳಿ ಜನ ಬಿಟ್ಟಿಲ್ಲ!

ಬದಲಾಗಬೇಕಾದ್ದು ಕಲಿಸುವ ಬಗೆ. ‘ಕಾಫಿ ಮಾಡು’ ಎಂದರೆ ತಬ್ಬಿಬ್ಬಾಗುವ ಹುಡುಗನಿಗೆ, ಪಾತ್ರೆ ಇಡು, ಹಾಲು ಸುರಿ, ಒಲೆ ಹಚ್ಚು, ಉಕ್ಕುವ ಮೊದಲು ಆರಿಸು ಎಂದು ಒಂದೊಂದೇ ಹಂತವನ್ನು ಚಿತ್ರ ಅಂಟಿಸಿ ತೋರಿಸಿದರೆ ದಾರಿ ಸಲೀಸು.

ಮಾತಾಡಿಸುವ ಬಗೆಯೂ ಬದಲಾಗಬೇಕು. ಬೌದ್ಧಿಕ ಅಂಗವೈಕಲ್ಯವಿರುವ, ಮೂವತ್ತು ದಾಟಿದವನು ಎದುರಿಗೇ ಕೂತಿರುತ್ತಾನೆ. ಹೋಟೆಲ್ ಸಪ್ಲಯರ್ ಮಾತ್ರ ‘ಇವನಿಗೇನು ಬೇಕಂತೆ?’ ಎಂದು ಅಮ್ಮನನ್ನು ಕೇಳುತ್ತಾನೆ. ಕೆಲವು ಡಾಕ್ಟರುಗಳೂ ಅಷ್ಟೇ. ಅವನನ್ನೇ ಕೇಳಬಹುದು, ಉತ್ತರಕ್ಕೆ ತುಸು ಕಾಯಬೇಕು.

ಶಾಲೆಗಳ ಬಾಗಿಲಲ್ಲೂ ‘ನಮ್ಮಲ್ಲಾಗಲ್ಲ’ ಎಂಬ ಮಾತು ಇನ್ನೂ ಕೇಳಿಸುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವುದೇ ಬೇರೆ: ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇದ್ದರೆ 6ರಿಂದ 18 ವರ್ಷದ ತನಕ, ಹತ್ತಿರದ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣ. ಇನ್ನು ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ಆರೋಗ್ಯ ವಿಮೆಯಲ್ಲಿ 1 ಲಕ್ಷ ರೂಪಾಯಿವರೆಗೆ ರಕ್ಷಣೆಯಿದೆ, ಥೆರಪಿ ಖರ್ಚೂ ಸೇರಿ. ಅರ್ಜಿಗೆ ಅಂಗವೈಕಲ್ಯ ಪ್ರಮಾಣಪತ್ರ ಬೇಕು.