ಸೂತ್ರ, ವೃತ್ತಿ, ಪ್ರಯೋಗ: ತಂತ್ರಾಂಶದ ಕೈಪಿಡಿ

ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ಸೂತ್ರ ಹೇಳಿ ಸುಮ್ಮನಾಗಲಿಲ್ಲ. ತಾನೇ ವೃತ್ತಿಯನ್ನು ಬರೆದು ಕವಿಪ್ರಯೋಗಗಳನ್ನೂ ಇತ್ತನು. ವೈಜ್ಞಾನಿಕ ತಂತ್ರಾಂಶಕ್ಕೆ ಜಾಲದಲ್ಲಿ ಬರೆಯುವ ಕೈಪಿಡಿಯೂ ಇಂಥದೇ ವೃತ್ತಿ.

ಪೈಥಾನ್ ಭಾಷೆಯ ನಮ್‌ಪೈ ಎಂಬ ಗಣಿತ ತಂತ್ರಾಂಶವನ್ನು ನೋಡಿ. 2, 4, 6 ಎಂಬ ಅಳತೆಗಳ ಮಾನಕ ವಿಚಲನೆಯನ್ನು ಕೇಳಿದರೆ ಅದು ಸುಮಾರು 1.63 ಎನ್ನುತ್ತದೆ; ಅದೇ ಭಾಷೆಯ ಪಾಂಡಾಸ್ 2 ಎನ್ನುತ್ತದೆ. ಎರಡೂ ತಪ್ಪಲ್ಲ. ಸರಾಸರಿಯಿಂದಾಗುವ ವ್ಯತ್ಯಾಸಗಳ ವರ್ಗಗಳ ಮೊತ್ತ 8. ಅದನ್ನು ಮೊದಲನೆಯದು 3ರಿಂದ, ಎರಡನೆಯದು ಒಂದನ್ನು ಕಳೆದು 2ರಿಂದ ಭಾಗಿಸಿ ವರ್ಗಮೂಲ ತೆಗೆಯುತ್ತದೆ. ಕೆಲವೇ ಮಾದರಿಗಳಿಂದ ಇಡೀ ಸಮೂಹವನ್ನು ಅಂದಾಜಿಸುವ ಸಂಶೋಧಕನಿಗೆ ಸಾಮಾನ್ಯವಾಗಿ ಬೇಕಾದುದು ಎರಡನೆಯದು. ಕೈಪಿಡಿಯಲ್ಲಿ ಈ ಒಂದು ವಾಕ್ಯ ಇಲ್ಲದಿದ್ದರೆ ಅವನ ಪ್ರಬಂಧದ ಅಂಕಿಯೇ ತಪ್ಪಬಹುದು, ಯಂತ್ರವಂತೂ ಎಚ್ಚರಿಸುವುದಿಲ್ಲ.

ಈ ವಿವರಣೆಯನ್ನು ಕ್ರಮವಿಧಿಯೊಳಗೇ, ಆಯಾ ಫಂಕ್ಷನ್ನಿನ ಆರಂಭದಲ್ಲಿ ಬರೆಯುತ್ತಾರೆ: ಏನನ್ನು ಕೊಡಬೇಕು, ಏನು ಮರಳಿ ಬರುತ್ತದೆ, ಕಡೆಗೆ ಉದಾಹರಣೆ. ಸ್ಫಿಂಕ್ಸ್ ಎಂಬ ಸಾಧನ ಅದನ್ನು ಜಾಲಪುಟವಾಗಿಸುತ್ತದೆ. ಉದಾಹರಣೆಗಳನ್ನು ಯಂತ್ರದಿಂದಲೇ ನಡೆಸಿ, ಪುಟದಲ್ಲಿರುವ ಉತ್ತರವೇ ಬಂದಿತೇ ಎಂದು ಪರೀಕ್ಷಿಸಬಹುದು. (ನಮ್ಮ ವ್ಯಾಕರಣಗಳಿಗೆ ಈ ಭಾಗ್ಯವಿಲ್ಲ.) ಯಾವ ಸಂದರ್ಭಕ್ಕೆ ಯಾವ ಭಾಜಕವೆಂಬ ವಾಕ್ಯವನ್ನು ಮಾತ್ರ ಯಂತ್ರ ಪರೀಕ್ಷಿಸದು, ಅದನ್ನು ವಿಷಯ ಬಲ್ಲವರೇ ಕುಳಿತು ತಿದ್ದಬೇಕು.